ಎರಡು ಮೈಕ್ರೋಬಿಟ್, ಒಂದು ಬಾತುಕೋಳಿ: ವೈರ್‌ಲೆಸ್ ಕೋಡಿಂಗ್‌ಗೆ 6 ಸೂತ್ರಗಳು

ಕೋಡಿಂಗ್ ಎಲ್ಲಿಂದ ಶುರು ಮಾಡಲಿ ಎನ್ನುತ್ತೀರಾ? ಆಟದಿಂದ. 2016ರಲ್ಲಿ ಬಿಬಿಸಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಂಚಿದ ಮೈಕ್ರೋಬಿಟ್ ಅಂಗೈಗಿಂತ ಚಿಕ್ಕ ಕಂಪ್ಯೂಟರ್ ಬೋರ್ಡ್. 25 ಎಲ್‌ಇಡಿ, ಎ ಮತ್ತು ಬಿ ಬಟನ್, ಅಲುಗಾಟ ಗುರುತಿಸುವ ಸೆನ್ಸರ್, ಜೊತೆಗೆ ರೇಡಿಯೋ. ನಿಮಗೆ ಇಷ್ಟು ಸಾಕು.

1. ಬೋರ್ಡ್ ಕೊಳ್ಳುವ ಮುಂಚೆಯೇ ಕೋಡ್ ಬರೆಯಿರಿ.
ಮೇಕ್‌ಕೋಡ್ ಎಡಿಟರ್ ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುತ್ತದೆ. ರೇಡಿಯೋ ಮೆಸೇಜ್ ಕಳಿಸಿದರೆ ಸಿಮ್ಯುಲೇಟರ್‌ನಲ್ಲಿ ಎರಡನೇ ಬೋರ್ಡ್ ತಾನಾಗಿ ಬರುತ್ತದೆ. ದುಡ್ಡಿಲ್ಲ ಎಂಬ ನೆಪ ಮುಗಿಯಿತು.

2. ಬಾತುಕೋಳಿ ಹಾರಿಸಿ.
ಎ ಒತ್ತಿದರೆ ಪರದೆಯಲ್ಲಿ ಬಾತುಕೋಳಿ. ಬೋರ್ಡ್ ಅಲ್ಲಾಡಿಸಿದರೆ ಇಲ್ಲಿಂದ ಮಾಯ, ಗೆಳತಿಯ ಬೋರ್ಡಿನಲ್ಲಿ ಪ್ರತ್ಯಕ್ಷ! ಅಲ್ಲಾಡಿಸಿದಾಗ 1 ಕಳಿಸಿ, ಪರದೆ ಅಳಿಸಿ. 1 ಬಂದರೆ ಬಾತುಕೋಳಿ ತೋರಿಸಿ. ಎರಡೂ ಬೋರ್ಡಿಗೆ ಒಂದೇ ಕೋಡ್. ಈಗ ಖಾಲಿ ಬೋರ್ಡ್ ಅಲ್ಲಾಡಿಸಿ ನೋಡಿ. ಇಲ್ಲದ ಬಾತುಕೋಳಿಯೂ ಹಾರಿ ಹೋಗುತ್ತದೆ! ತಡೆಯಲು "ನನ್ನ ಹತ್ತಿರ ಇದೆಯಾ" ಎಂದು ನೆನಪಿಡುವ ವೇರಿಯಬಲ್ ಬೇಕು. ಇಫ್ ಕಂಡಿಶನ್ ಬೇಕು. ಬಾಯಿಪಾಠ ಬೇಡ, ಅಗತ್ಯವೇ ಕಲಿಸುತ್ತದೆ.

3. ಗ್ರೂಪ್ ನಂಬರ್ ಮೊದಲೇ ಹಾಕಿ.
0ರಿಂದ 255ರೊಳಗೆ ಎರಡೂ ಬೋರ್ಡಿಗೆ ಒಂದೇ ನಂಬರ್ ಆರಿಸಿ. ಪಕ್ಕದ ಬೆಂಚಿನವರೂ ಅದೇ ನಂಬರ್ ಹಾಕಿದ್ದರೆ ನಿಮ್ಮ ಬಾತುಕೋಳಿ ಅವರ ಮನೆಗೂ ಹೋಗುತ್ತದೆ. ಇದು ಗುಟ್ಟಿನ ದಾರಿಯಲ್ಲ, ಪಾಸ್‌ವರ್ಡ್ ಕಳಿಸಬೇಡಿ.

4. ತಲುಪಿತು ಎಂದು ನಂಬಬೇಡಿ.
ಈ ರೇಡಿಯೋ ರಸೀದಿ ಕೊಡುವುದಿಲ್ಲ. ಮೆಸೇಜ್ ಕಳೆದರೆ ಬಾತುಕೋಳಿ ನಾಪತ್ತೆ. "ಸಿಕ್ಕಿತು" ಎಂಬ ಉತ್ತರ ಬರುವವರೆಗೆ ಪರದೆ ಅಳಿಸದೆ ಮತ್ತೆ ಮತ್ತೆ ಕಳಿಸಿ. ಆ ಉತ್ತರವೇ ಕಳೆದುಹೋದರೆ? ಆಗ ಅಲ್ಲೂ ಒಂದು, ಇಲ್ಲೂ ಒಂದು! ನೆಟ್‌ವರ್ಕ್ ಎಂಜಿನಿಯರ್‌ಗಳು ತಲೆ ಕೆಡಿಸಿಕೊಳ್ಳುವುದು ಇದೇ ಪ್ರಶ್ನೆಗೆ. ನೀವೂ ಕೆಡಿಸಿಕೊಳ್ಳಿ.

5. ಕಣ್ಣಾಮುಚ್ಚಾಲೆ ಆಡಿ.
ಒಂದು ಬೋರ್ಡ್ ಬಚ್ಚಿಡಿ, ಅದು ಸತತ ಮೆಸೇಜ್ ಕಳಿಸುತ್ತಿರಲಿ. ಇನ್ನೊಂದರಲ್ಲಿ ಸಿಗ್ನಲ್ ಬಲ ಓದಿ: ಮೇಕ್‌ಕೋಡ್‌ನಲ್ಲಿ -42 ಎಂದರೆ ಜೋರು, -128 ಎಂದರೆ ಕ್ಷೀಣ. ಮನೆಯೊಳಗೆ ಆಡುವಾಗ ಪವರ್ ಇಳಿಸಿ. 0ರಿಂದ 7ರವರೆಗೆ ಇದೆ. ನಿಮ್ಮ ಮೈ ಅಡ್ಡ ಬಂದರೂ ಸಿಗ್ನಲ್ ಕುಗ್ಗುತ್ತದೆ, ಏಕೆಂದರೆ 2.4 ಗಿಗಾಹರ್ಟ್ಜ್ ಅಲೆಗಳನ್ನು ದೇಹದ ನೀರು ಹೀರುತ್ತದೆ. ನಿಂತಲ್ಲೇ ಸುತ್ತ ತಿರುಗಿ, ದಿಕ್ಕಿನ ಸುಳಿವು ಸಿಗುತ್ತದೆ.

6. "ನನಗೆ ಬರಲ್ಲ" ಎನ್ನುವ ಚಾಳಿ ಬಿಡಿ.
ಕೆಲಸ ಮಾಡದಿದ್ದರೆ ಪರೀಕ್ಷಿಸಬೇಕಾದದ್ದು ಬೋರ್ಡನ್ನು, ನಿಮ್ಮ ಬುದ್ಧಿಯನ್ನಲ್ಲ. ಬಂದ ನಂಬರನ್ನೇ ಪರದೆಗೆ ಹಾಕಿ ನೋಡಿ. ಏನೂ ಬರಲಿಲ್ಲವೇ? ಎರಡರ ಗ್ರೂಪ್ ಒಂದೇನಾ? ಬ್ಯಾಟರಿ ಇದೆಯಾ? ಹೊಸ ಕೋಡ್ ಎರಡಕ್ಕೂ ಹೋಯಿತಾ?