ಮೇಲುಗೈ ಎಂದರೇನು? ಶೇರು ಪೇಟೆಯಿಂದ ಒಂದು ಪಾಠ

ಮುಂಬಯಿಯ ಫೋರ್ಟ್ ವಿಭಾಗದಲ್ಲಿ ಓಡಾಡುವ ನಾವು ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರವನ್ನು ಮೇಲಿಂದ ಮೇಲೆ ಕಾಣುತ್ತೇವೆ. 1878ರಲ್ಲಿ ಪೂರ್ಣಗೊಂಡ ಈ ಗೋಪುರಕ್ಕೆ ಹಣವಿತ್ತವರು ಪ್ರೇಮಚಂದ ರಾಯಚಂದರು. ಹೆಸರು ಅವರ ತಾಯಿಯದು. ಅರಳೆ ಮತ್ತು ಶೇರುಗಳ ವ್ಯಾಪಾರದಲ್ಲಿ ಅವರು ಗಳಿಸಿದುದು ಅಪಾರ. 1865ರಲ್ಲಿ ಕಳೆದುಕೊಂಡುದೂ ಅಲ್ಪವಲ್ಲ. ಪೇಟೆಯಲ್ಲಿ ಗೆದ್ದವನಿಗೆಲ್ಲ ‘ಮೇಲುಗೈ’ ಇದೆಯೆಂದು ಜನರು ಸುಲಭವಾಗಿ ಹೇಳಿಬಿಡುವರು. ಆ ಮಾತಿನ ನಿಜವಾದ ಅರ್ಥವನ್ನು ಲೆಕ್ಕದ ಮೂಲಕ ವಿಚಾರಿಸೋಣ.

ಮೊದಲು ಗೆಲವನ್ನೂ ಮೇಲುಗೈಯನ್ನೂ ಬೇರ್ಪಡಿಸಿ ನೋಡಬೇಕು. 1024 ಜನರು ನಿಂತು ತಲಾ ಒಂದು ನಾಣ್ಯವನ್ನು ಚಿಮ್ಮಲಿ. ಸಿಂಹಮುಖ ಬಿದ್ದವರು ನಿಂತಿರಲಿ, ಉಳಿದವರು ಕುಳಿತುಕೊಳ್ಳಲಿ. ಪ್ರತಿಸಲವೂ ಅರ್ಧದಷ್ಟು ಜನ ಕುಳಿತರೆ, ಹತ್ತನೆಯ ಸಲಕ್ಕೆ ಒಬ್ಬನು ಮಾತ್ರ ನಿಂತಿರುವನು. ಅವನಲ್ಲಿ ಯಾವ ವಿದ್ಯೆಯೂ ಇಲ್ಲ. ಆದರೆ ಪೇಟೆಯಲ್ಲಾದರೆ ಅವನನ್ನು ಪಂಡಿತನೆಂದು ಕರೆದು, ಶುಲ್ಕ ತೆತ್ತು ಪಾಠ ಹೇಳಿಸಿಕೊಳ್ಳುವವರೂ ಇರುವರು!

ಇನ್ನು ಹೆಚ್ಚು ಸಲ ಗೆಲ್ಲುವುದೇ ಮೇಲುಗೈಯೆ? ಅದೂ ಅಲ್ಲ. ಒಬ್ಬನು ನೂರು ವ್ಯವಹಾರಗಳಲ್ಲಿ 60 ಸಲ ಗೆದ್ದು ಪ್ರತಿಸಲ 10 ರೂಪಾಯಿ ಪಡೆದನೆನ್ನಿ. ಸೋತ 40 ಸಲ ತಲಾ 20 ರೂಪಾಯಿ ಕಳೆದನೆನ್ನಿ. ಬಂದುದು 600, ಹೋದುದು 800. ಇನ್ನೊಬ್ಬನು 40 ಸಲ ಮಾತ್ರ ಗೆದ್ದನು; ಆದರೆ ಗೆದ್ದಾಗ 30, ಸೋತಾಗ 15. ಬಂದುದು 1200, ಹೋದುದು 900. ಹೆಚ್ಚು ಸಲ ಸೋತವನಿಗೇ ವ್ಯವಹಾರವೊಂದಕ್ಕೆ ಸರಾಸರಿ 3 ರೂಪಾಯಿಯ ಮೇಲುಗೈ. ಆದರೆ ದಲಾಲಿ, ತೆರಿಗೆಗಳೆಂದು ಪ್ರತಿಸಲ 4 ರೂಪಾಯಿ ತೆರಬೇಕಾದರೆ? ಆಗ ಅವನೂ ನೂರು ರೂಪಾಯಿ ನಷ್ಟದಲ್ಲಿಯೇ ನಿಲ್ಲುವನು. ವೆಚ್ಚವೆಲ್ಲ ಕಳೆದು, ಬಹುಕಾಲದ ಸರಾಸರಿಯಲ್ಲಿ ಉಳಿಯುವ ಆ ಸಣ್ಣ ಶೇಷಕ್ಕೆ ಮೇಲುಗೈಯೆಂದು ಹೆಸರು.

ಈ ಶೇಷವು ಕಾರಣವಿಲ್ಲದೆ ಹುಟ್ಟದು. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಗಿ ಅಲ್ಲಿನ ದಕ್ಷಿಣದ ಬಂದರುಗಳು ಮುಚ್ಚಿದಾಗ, ಇಂಗ್ಲೆಂಡಿನ ಗಿರಣಿಗಳು ಮುಂಬಯಿಯ ಅರಳೆಗೆ ಕೈಯೊಡ್ಡಿದವು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಬರುತ್ತಿದ್ದಿತು. ಲಿವರ್‌ಪೂಲಿನ ಧಾರಣೆ ತಿಳಿಯಲು ವಾರಗಟ್ಟಲೆ ಹಡಗಿನ ಅಂಚೆಯನ್ನು ಕಾಯಬೇಕಾಗಿದ್ದ ಆ ದಿನಗಳಲ್ಲಿ, ಸುದ್ದಿಯನ್ನು ಒಂದು ಗಳಿಗೆ ಮುಂಚೆ ತಿಳಿದವನಿಗೆ ಅದೇ ಮೇಲುಗೈ. 1865ರಲ್ಲಿ ಪರ್ಷಿಯಾ ಕೊಲ್ಲಿಯ ಮಾರ್ಗವಾಗಿ ಯುರೋಪಿಗೆ ತಂತಿಯ ಸಂಪರ್ಕವಾಯಿತು. ಹಡಗಿನ ಅಂಚೆಯನ್ನು ನಂಬಿದ ಮೇಲುಗೈ ಕ್ರಮೇಣ ಸವೆಯಿತು. ಅದೇ ವರುಷ ಯುದ್ಧವು ಮುಗಿದು ಅರಳೆಯ ಬೆಲೆ ಕುಸಿಯಿತು. ಜುಲೈ 1ರಂದು ವಾಯಿದೆಯ ಕರಾರುಗಳು ಸಲ್ಲಬೇಕಾದಾಗ ಎಷ್ಟೋ ಮನೆತನಗಳು ದಿವಾಳಿಯೆದ್ದವು. ಏರುವ ಪೇಟೆಯನ್ನೇ ತಮ್ಮ ಜಾಣತನವೆಂದು ಬಗೆದವರ ಸಂಖ್ಯೆ ಅವರಲ್ಲಿ ದೊಡ್ಡದೆಂದು ನಮ್ಮ ಅಭಿಪ್ರಾಯ.

ಶೇರನ್ನು ಕೊಂಡು ಹಲವು ವರುಷ ಇಟ್ಟುಕೊಳ್ಳುವವನ ಮಾತು ಬೇರೆ. ಕಂಪನಿಯ ಲಾಭದಲ್ಲಿ ಅವನಿಗೆ ಪಾಲುಂಟು. ವಾಯಿದೆಯ ವ್ಯಾಪಾರದಲ್ಲಾದರೋ ಒಬ್ಬನ ಲಾಭವು ಮತ್ತೊಬ್ಬನ ನಷ್ಟ. ದಲಾಲಿಯನ್ನು ಮಾತ್ರ ಇಬ್ಬರೂ ತೆರುವರು. ಸೆಬಿ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರ ವರೆಗಿನ ಮೂರು ವರುಷಗಳಲ್ಲಿ ಶೇರುಗಳ ಈ ಬಗೆಯ ವ್ಯಾಪಾರದಲ್ಲಿ ತೊಡಗಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮಿಗಿಲು. ಎದುರು ಬದಿಯಲ್ಲಿ ಲಾಭ ಪಡೆದ ದೊಡ್ಡ ಸಂಸ್ಥೆಗಳ ಪರವಾಗಿ ಬಹುಮಟ್ಟಿಗೆ ಕೊಳ್ಳು-ಮಾರಾಟ ನಡೆಸಿದುದು ಗಣಕಯಂತ್ರಗಳು. ಹಿಂದಿನ ಹಡಗಿನ ಅಂಚೆಯ ಗಳಿಗೆಯು ಇಂದು ಕ್ಷಣದ ಸಾವಿರದಲ್ಲೊಂದು ಭಾಗಕ್ಕೆ ಇಳಿದಿದೆ. ನಮ್ಮ ಮನೆಯ ಅಣ್ಣಂದಿರು ಮೊಬೈಲಿನಲ್ಲಿ ಗುಂಡಿ ಒತ್ತುವಾಗ ಎದುರಿಗಿರುವವನು ಯಾರು, ಅವನಿಗಿಂತ ತಮಗೆ ಹೆಚ್ಚಾಗಿ ತಿಳಿದುದೇನು ಎಂದು ಕೇಳಿಕೊಳ್ಳುವರೆ?

ಕೊನೆಗೊಂದು ಲೆಕ್ಕ. ಒಬ್ಬನು ನೂರು ವ್ಯವಹಾರಗಳಲ್ಲಿ 55 ಸಲ ಗೆದ್ದು ತಲಾ 12 ರೂಪಾಯಿ ಪಡೆಯುವನು. 45 ಸಲ ಸೋತು ತಲಾ 14 ರೂಪಾಯಿ ಕಳೆಯುವನು. ಗೆದ್ದರೂ ಸೋತರೂ ಪ್ರತಿಸಲ 1 ರೂಪಾಯಿ ದಲಾಲಿ ತೆರುವನು. ಅವನಿಗೆ ಮೇಲುಗೈ ಇದೆಯೆ? ಪುಟ ತಿರುವುವ ಮೊದಲು ಬಿಡಿಸಿ ನೋಡಿರಿ.