ಸ್ತನ ಕ್ಯಾನ್ಸರ್: ಕೋಶದಿಂದ ಕೋಶಕ್ಕೆ ಹೋಗುವ ಸಂಕೇತಗಳು

ಆರೋಗ್ಯವಂತ ಕೋಶ ಸಾಮಾನ್ಯವಾಗಿ ಹೊರಗಿನ ರಾಸಾಯನಿಕ ಸಂಕೇತ ಬಂದಾಗ ಮಾತ್ರ ವಿಭಜನೆಯಾಗುತ್ತದೆ. ಆ ಸಂಕೇತವನ್ನು ಹಿಡಿಯುವ ಪ್ರೋಟೀನೇ ಗ್ರಾಹಕ. ಈ ವ್ಯವಸ್ಥೆ ಹದ ತಪ್ಪಿದಾಗ ಗೆಡ್ಡೆ ಬೆಳೆಯಬಹುದು.

ಮುಖ್ಯ ಸಂಕೇತಗಳು

• ಈಸ್ಟ್ರೋಜೆನ್: ಕೋಶದೊಳಗಿನ ಗ್ರಾಹಕಕ್ಕೆ ಅಂಟಿ, ಬೆಳವಣಿಗೆಯ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಸುಮಾರು ಶೇ. 70ರಷ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಈ ಗ್ರಾಹಕವಿರುತ್ತದೆ. ಟ್ಯಾಮಾಕ್ಸಿಫೆನ್ ಔಷಧ ಈಸ್ಟ್ರೋಜೆನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತು ಅದನ್ನು ತಡೆಯುತ್ತದೆ.

• ಹರ್-2 ಗ್ರಾಹಕ: ಇದರ ಜೀನ್ 17ನೇ ವರ್ಣತಂತುವಿನಲ್ಲಿದೆ. ಜೀನ್‌ನ ಪ್ರತಿಗಳು ಹೆಚ್ಚಾದರೆ ಕೋಶಪೊರೆಯ ಮೇಲೆ ಗ್ರಾಹಕಗಳು ಕಿಕ್ಕಿರಿಯುತ್ತವೆ. ಅವು ಜೋಡಿಯಾದಾಗ ಒಳಬದಿಯ ತುದಿಗಳಿಗೆ ಫಾಸ್ಫೇಟ್ ಸೇರುತ್ತದೆ; ‘ವಿಭಜಿಸು’ ಎಂಬ ಸಂದೇಶ ಪ್ರೋಟೀನಿನಿಂದ ಪ್ರೋಟೀನಿಗೆ ದಾಟಿ ಕೋಶಕೇಂದ್ರ ತಲುಪುತ್ತದೆ. ಶೇ. 15–20 ಪ್ರಕರಣಗಳು ಈ ಬಗೆಯವು.

• ನೆರೆಯ ಕೋಶಗಳು: ಗೆಡ್ಡೆಯ ಸುತ್ತಲಿನ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳೂ ಬೆಳವಣಿಗೆಯ ಅಂಶಗಳನ್ನು ಸ್ರವಿಸುತ್ತವೆ. ಅವುಗಳಲ್ಲೊಂದಾದ ವಿಇಜಿಎಫ್ ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ.

• ಟ್ರಿಪಲ್ ನೆಗೆಟಿವ್: ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಗ್ರಾಹಕಗಳಿಲ್ಲದ, ಹರ್-2 ಅಧಿಕವಿಲ್ಲದ ಬಗೆ. ಈ ಗ್ರಾಹಕಗಳನ್ನು ತಡೆಯುವ ಔಷಧಗಳಿಗೆ ಗುರಿಯೇ ಇಲ್ಲದ್ದರಿಂದ ಚಿಕಿತ್ಸೆ ಕಠಿಣ.

ನೆನಪಿಡಿ

• 1896: ಈಸ್ಟ್ರೋಜೆನ್ ತಯಾರಿಸುವ ಅಂಡಾಶಯವನ್ನು ತೆಗೆದರೆ ಗೆಡ್ಡೆ ಕುಗ್ಗಬಹುದೆಂದು ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ವರದಿ.
• 1986: ಬೆಳವಣಿಗೆಯ ಅಂಶಗಳ ಶೋಧನೆಗೆ ಸ್ಟಾನ್ಲಿ ಕೋಹೆನ್, ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ ನೊಬೆಲ್.
• 1998: ಹರ್-2 ತಡೆಯುವ ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ.
• 2014: ಬೆಂಗಳೂರಿನ ಬಯೋಕಾನ್‌ನಿಂದ ಭಾರತದಲ್ಲಿ ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್ (ಅದನ್ನೇ ಹೋಲುವ ಜೈವಿಕ ಔಷಧ) ಬಿಡುಗಡೆ.

ಅಂಕಕ್ಕಾಗಿ ಓದಿದ್ದನ್ನು ಮನೆಯವರಿಗೂ ತಿಳಿಸಿ: ಸ್ತನದಲ್ಲಿ ಗಂಟು ಕಂಡರೆ, ನೋವಿಲ್ಲದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.