ಬರಿ ಮಡಿಲಿನ ಬಾಣಂತನ

ಮಗಳೇ, ನಿನ್ನೆ ಫೋನಿನಲ್ಲಿ ಅಳುವನ್ನು ನಡುವೆಯೇ ನುಂಗಿಕೊಂಡು, "ನಾನೇ ಸಹಿ ಹಾಕಿದ್ದಲ್ವಾ ಆಂಟಿ, ಅಳೋಕೆ ನನಗೇನು ಹಕ್ಕಿದೆ" ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ನನ್ನನ್ನು ಮಲಗಗೊಡಲಿಲ್ಲ.

ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದವಳು ನಾನು. ನಿನ್ನ ಹಾಗೆ ಕೂಸನ್ನು ದತ್ತು ಕೇಂದ್ರಕ್ಕೆ ಒಪ್ಪಿಸಿ ಬರಿಗೈಲಿ ಬಸ್ಸು ಹತ್ತಿದ ಹುಡುಗಿಯರಿಗೆ "ಮರೆತುಬಿಡು ತಾಯಿ, ಮುಂದೆ ಮದುವೆಯಾಗಿ ಮಕ್ಕಳಾಗ್ತವೆ" ಎಂದು ನಾನೂ ಹೇಳಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ, ಆದರೆ ತಪ್ಪು ಹೇಳಿದೆ. ಆಸ್ಟ್ರೇಲಿಯಾದಲ್ಲಿ ಬಲವಂತಕ್ಕೆ ಮಣಿದು ಮಕ್ಕಳನ್ನು ದತ್ತು ಕೊಟ್ಟ ತಾಯಂದಿರಿಗೂ ಇಂಥದೇ ಸಮಾಧಾನ ಹೇಳಿ ಕಳಿಸಿದ್ದರು. ದಶಕಗಳು ಕಳೆದರೂ ಅವರು ಮರೆತಿರಲಿಲ್ಲ. 2013ರ ಮಾರ್ಚ್ 21ರಂದು ಪ್ರಧಾನಿ ಜೂಲಿಯಾ ಗಿಲಾರ್ಡ್ ದೇಶದ ಪರವಾಗಿ ಅವರ ಕ್ಷಮೆ ಕೇಳಿದರು.

ನಮ್ಮಲ್ಲಿ ಹುಟ್ಟಿದರೆ ಪುರುಡು, ಸತ್ತರೆ ಸೂತಕ. ಎರಡಕ್ಕೂ ನಂಟರು ಬಾಗಿಲಿಗೆ ಬರುತ್ತಾರೆ. ನಿನಗೆ ಎರಡೂ ಇಲ್ಲ. ಮಗು ಎಲ್ಲೋ ಚೆನ್ನಾಗಿದೆಯಾದ್ದರಿಂದ ಅಳುವಂಥದ್ದೇನಿಲ್ಲ ಅಂತ ಮನೆಯವರು ಅಂದುಕೊಂಡರು; ಮಡಿಲಲ್ಲಿ ಇಲ್ಲವಾದ್ದರಿಂದ ನೀನು ಬಾಣಂತಿ ಅನ್ನುವುದನ್ನೇ ಮರೆತರು. ಮೂರು ವಾರಕ್ಕೇ ಕೆಲಸಕ್ಕೆ ಹೋಗುತ್ತಿದ್ದೀಯ.

ಆದರೆ ಮೈಗೆ ಕಾಗದಪತ್ರ ಓದಲು ಬರುವುದಿಲ್ಲ. ಪಿಜಿ ಪಕ್ಕದ ಮನೆಯ ಕೂಸು ಅತ್ತರೆ ಎದೆ ಒದ್ದೆಯಾಗುತ್ತದೆ ಎಂದು ನಾಚಿಕೊಂಡು ಹೇಳಿದೆಯಲ್ಲ. ನಾಚಬೇಡ. ಹಿಂಡಿ ಬರಿದು ಮಾಡಲೂ ಹೋಗಬೇಡ, ಹಿಂಡಿದಷ್ಟೂ ಹಾಲು ಊರುತ್ತದೆ. ಬಿಗಿತ ತಾಳಲಾರದಾಗ ನೋವು ಇಳಿಯುವಷ್ಟು ಮಾತ್ರ ತೆಗೆದು, ತಣ್ಣನೆಯ ಬಟ್ಟೆ ಇಟ್ಟುಕೋ. ಕೆಂಪಗಾಗಿ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಲು ತಡಮಾಡಬೇಡ.

ಇನ್ನು ಮನಸ್ಸು. ಹೆರಿಗೆಯ ಮೇಲೆ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಎಷ್ಟೋ ಬಾಣಂತಿಯರಿಗೆ ಸಹಜ. ನಿನಗೆ ಮೂರು ವಾರ ದಾಟಿದೆ, ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಇದು ಬರೀ ದುಃಖವೋ, ಖಿನ್ನತೆಯೋ, ಎರಡೂ ಸೇರಿದೆಯೋ ಎಂದು ವೈದ್ಯರೇ ನೋಡಿ ಹೇಳಬೇಕು. ಹೋದಾಗ "ಹೆರಿಗೆಯಾಗಿದೆ, ಮಗುವನ್ನು ದತ್ತು ಕೊಟ್ಟೆ" ಎಂದು ಬಾಯಿಬಿಟ್ಟು ಹೇಳು. ಅದನ್ನು ಮುಚ್ಚಿಟ್ಟರೆ ಅವರು ಏನಕ್ಕೆ ಮದ್ದು ಕೊಡಬೇಕು? ನಡುರಾತ್ರಿ ಬದುಕೇ ಬೇಡ ಅನ್ನಿಸಿದರೆ ಒಬ್ಬಳೇ ಕೂರಬೇಡ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಆಮೇಲೆ ನನಗೂ ಮಾಡು.

ಇನ್ನೊಂದು ಮಾತು, ಇದನ್ನು ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ತಾಯಿಗೆ ಮರುಯೋಚನೆ ಮಾಡಲು 2015ರ ಬಾಲ ನ್ಯಾಯ ಕಾಯ್ದೆ 2 ತಿಂಗಳು ಕೊಟ್ಟಿದೆ. ನಿನ್ನ ಅವಧಿ ಇನ್ನೂ ಮುಗಿದಿಲ್ಲ. ಮಗುವನ್ನು ತಂದುಕೋ ಎಂದು ನಾನು ಹೇಳುತ್ತಿಲ್ಲ, ಬೇಡವೆಂದೂ ಹೇಳುವುದಿಲ್ಲ. ಅಳು ಬರುತ್ತಿದೆ ಎಂದ ಮಾತ್ರಕ್ಕೆ ನಿನ್ನ ತೀರ್ಮಾನ ತಪ್ಪಾಗುವುದಿಲ್ಲ. ತೀರ್ಮಾನ ಸರಿಯಿದ್ದ ಮಾತ್ರಕ್ಕೆ ಅಳು ನಿಲ್ಲುವುದೂ ಇಲ್ಲ. ಯಾರ ಹೆದರಿಕೆಗೂ ಅಲ್ಲದೆ, ತಿಳಿದು ಯೋಚಿಸು. ಅಷ್ಟೇ.

ಮಹಾಭಾರತದ ಕುಂತಿ ನನಗೆ ಮತ್ತೆ ಮತ್ತೆ ನೆನಪಾಗುತ್ತಾಳೆ. ಯುದ್ಧ ಮುಗಿದು, ಗಂಗೆಯ ದಡದಲ್ಲಿ ಸತ್ತವರಿಗೆ ತರ್ಪಣ ಬಿಡುವಾಗಲೇ ಅವಳು ಕರ್ಣ ತನ್ನ ಮಗನೆಂದು ಪಾಂಡವರಿಗೆ ಹೇಳಿದ್ದು. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಧರ್ಮರಾಯ ಶಪಿಸಿದ. ಅಷ್ಟು ವರ್ಷ ಅವಳ ಬಾಯಿ ಕಟ್ಟಿದ್ದು ಯಾವ ಭಯ ಎಂದು ಕೇಳಲಿಲ್ಲ. ನನಗೆ ಆ ಶಾಪದ ಮೇಲೆ ಇವತ್ತಿಗೂ ಸಿಟ್ಟಿದೆ. ಊರಿಗೆಲ್ಲ ಹೇಳಬೇಕಿಲ್ಲ ಮಗಳೇ, ನಂಬುವ ಒಬ್ಬರಿಗೆ ಹೇಳು.

ಭಾನುವಾರ ಬೆಳಗ್ಗೆಯೇ ಮನೆಗೆ ಬಾ. ತಡವಾಯಿತು ನಿಜ, ಆದರೂ ಬಾಣಂತನ ಬಾಣಂತನವೇ. ಹಂಡೆ ತುಂಬ ನೀರು ಕಾಯಿಸಿ, ಮೆಣಸು ಬೆಳ್ಳುಳ್ಳಿ ಸಾರು ಮಾಡಿಡುತ್ತೇನೆ. ಬೆನ್ನಿಗೆ ಎಣ್ಣೆ ಹಚ್ಚುವಾಗ, ಮಗುವಿನ ಮುಖ ಹೇಗಿತ್ತು ಹೇಳು. ಇದುವರೆಗೆ ನಿನ್ನನ್ನು ಯಾರೂ ಅದನ್ನು ಕೇಳಿಲ್ಲ.